ವ್ಯವಹಾರದ ಸೈಬರ್ ಭದ್ರತೆ: ಯಂತ್ರದ ಕಾವಲು, ನಮ್ಮ ಹೊಣೆ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)





ಚೆಕ್ ವಿತರಣೆಗೆ ಮೊದಲು ಸೈಬರ್ ಭದ್ರತೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಇಲ್ಲಿರುವ ದಾನಿಗಳಲ್ಲಿ ಹೆಚ್ಚಿನವರು ವ್ಯಾಪಾರಿಗಳು. ಅಂಗಡಿ, ಗೋದಾಮು, ಟ್ರಾವೆಲ್ಸ್ ಕಚೇರಿಗಳ ಲೆಕ್ಕವೆಲ್ಲ ಈಗ ಕಂಪ್ಯೂಟರಿನಲ್ಲಿದೆ. ನಮ್ಮ ಟ್ರಸ್ಟಿನ ಲೆಕ್ಕವೂ ಅಲ್ಲೇ ಇದೆ. ಅರ್ಜಿ ಹಾಕಿದ ಮಕ್ಕಳ ಆಧಾರ್, ಬ್ಯಾಂಕ್ ಖಾತೆ, ಆದಾಯ ಪ್ರಮಾಣಪತ್ರ, ತಂದೆ ತೀರಿಕೊಂಡಿದ್ದರೆ ಅವರ ಮರಣ ಪ್ರಮಾಣಪತ್ರ, ಇವೆಲ್ಲ ನಮ್ಮ ಬಳಿ ಇರುವ ಅಮಾನತ್. ಝಕಾತಿನ ಹಣ ಕಳ್ಳನ ಖಾತೆಗೆ ಹೋದರೆ ಅದರ ಪೆಟ್ಟು ಬೀಳುವುದು ಶುಲ್ಕ ಕಟ್ಟಲಾಗದೆ ಕಾಲೇಜು ಬಿಡುವ ಹುಡುಗಿಗೆ.

ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. 2015ರ ಜನವರಿಯಲ್ಲಿ ಅಲ್ಲಿನ ಸಿಬ್ಬಂದಿಗೆ ಕೆಲಸ ಕೇಳಿಕೊಂಡು ಒಂದು ಇಮೇಲ್ ಬಂತು. ಬಯೋಡೇಟಾ ನೋಡಲು ಅದರಲ್ಲೊಂದು ಲಿಂಕ್ ಇತ್ತು. ಅಮೆರಿಕದ ತನಿಖೆಯ ಪ್ರಕಾರ ಕಳ್ಳರು ಒಳಗೆ ಬರಲು ದಾರಿ ಮಾಡಿಕೊಂಡದ್ದು ಹೀಗೆ. ಬಂದವರು ಒಂದು ವರ್ಷ ಕಾದರು. 2016ರ ಫೆಬ್ರವರಿ 4, ಗುರುವಾರ ರಾತ್ರಿ, ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಬಾಂಗ್ಲಾದೇಶದ ಖಾತೆಯಿಂದ ಹಣ ಕಳಿಸುವಂತೆ 35 ಆದೇಶಗಳು ಹೋದವು. ಒಟ್ಟು ಸುಮಾರು 95 ಕೋಟಿ ಡಾಲರ್. ದಿನವನ್ನು ಅವರು ಲೆಕ್ಕ ಹಾಕಿಯೇ ಆರಿಸಿದ್ದರು. ಢಾಕಾದಲ್ಲಿ ಶುಕ್ರವಾರ ಮತ್ತು ಶನಿವಾರ ರಜೆ, ನ್ಯೂಯಾರ್ಕಿನಲ್ಲಿ ಶನಿವಾರ ಮತ್ತು ಭಾನುವಾರ. ಹಣ ಸೇರಬೇಕಾದ ಮನಿಲಾದಲ್ಲಿ ಸೋಮವಾರ ಚೀನೀ ಹೊಸ ವರ್ಷದ ರಜೆ.

ಢಾಕಾದಲ್ಲಿ ವ್ಯವಹಾರದ ಪ್ರತಿಗಳು ತಾನಾಗಿ ಮುದ್ರಣವಾಗುವ ಪ್ರಿಂಟರ್ ಶುಕ್ರವಾರ ಕೆಟ್ಟು ನಿಂತಿತ್ತು. ಪ್ರಿಂಟರ್ ಕೆಡುವುದು ಯಾವ ಕಚೇರಿಯಲ್ಲಿ ಹೊಸತು? ಯಾರೂ ಅನುಮಾನಪಡಲಿಲ್ಲ. ಅದು ಮತ್ತೆ ಓಡಿದಾಗ ನ್ಯೂಯಾರ್ಕಿನಿಂದ ಬಂದಿದ್ದ ಪ್ರಶ್ನೆಗಳು ಹೊರಬಿದ್ದವು. ಗಾಬರಿಯಾಗಿ ಸಂಪರ್ಕಿಸಲು ನೋಡಿದರೆ ಅಲ್ಲಿ ವಾರಾಂತ್ಯ, ಉತ್ತರಿಸುವವರಿಲ್ಲ.

ಮನಿಲಾದ ಬ್ಯಾಂಕ್ ಶಾಖೆ ಜ್ಯೂಪಿಟರ್ ಎಂಬ ಬೀದಿಯಲ್ಲಿತ್ತು. ಅಮೆರಿಕದ ನಿರ್ಬಂಧಕ್ಕೆ ಒಳಗಾದ ಹಡಗೊಂದರ ಹೆಸರೂ ಅದೇ. ಹೆಸರುಗಳನ್ನು ಪಟ್ಟಿಯೊಂದಿಗೆ ಹೋಲಿಸುವ ಯಂತ್ರ ಆ ಪದ ಕಂಡು ಆದೇಶಗಳನ್ನು ಹಿಡಿದಿಟ್ಟಿತು. ಆಮೇಲೆ ನೌಕರರು ಕಣ್ಣಿಟ್ಟು ನೋಡಿದ್ದರಿಂದ ಸುಮಾರು 85 ಕೋಟಿ ಡಾಲರ್ ಉಳಿಯಿತು. ಇನ್ನು 2 ಕೋಟಿ ಡಾಲರ್ ಶ್ರೀಲಂಕಾದ ಒಂದು ಸೇವಾ ಸಂಸ್ಥೆಯ ಹೆಸರಿಗೆ ಹೊರಟಿತ್ತು. ನಮ್ಮಂಥ ಸಂಸ್ಥೆಗಳ ಹೆಸರಿಗೂ ಕಳ್ಳರಲ್ಲಿ ಬೆಲೆಯಿದೆ! 'ಫೌಂಡೇಶನ್' ಎಂಬುದರ ಬದಲು 'ಫ್ಯಾಂಡೇಶನ್' ಎಂದು ಬರೆದಿದ್ದರಿಂದ ಅನುಮಾನ ಬಂದು ಅದೂ ನಿಂತಿತು. ಮನಿಲಾಗೆ ಹೋದ 8.1 ಕೋಟಿ ಡಾಲರಿನ ಬಹುಭಾಗ ಕ್ಯಾಸಿನೊಗಳಲ್ಲಿ ಕರಗಿತು.

ಇಂದು ಅಂಥ ಕಾಗುಣಿತದ ತಪ್ಪಿಗಾಗಿ ಕಾದು ಕೂರುವಂತಿಲ್ಲ. ಕಳ್ಳರೂ ಈಗ ಪತ್ರಗಳನ್ನು ಯಂತ್ರದಿಂದಲೇ ಬರೆಸುತ್ತಾರೆ. ಶುದ್ಧ ಕನ್ನಡದಲ್ಲಿ, ಸಲಾಮಿನೊಂದಿಗೆ ಶುರುವಾಗುವ ಸುಳ್ಳು ಪತ್ರ ಬರೆಸುವುದು ಅವರಿಗೆ ಕಷ್ಟವಲ್ಲ. ಹಾಗಾಗಿ ನಮ್ಮ ಕಡೆಯೂ ಯಂತ್ರ ಬೇಕು. ಬುದ್ಧಿವಂತ ಆಟೊಮೇಷನ್ ಎಂದರೆ ಇಷ್ಟೇ: ಯಾರು, ಯಾವಾಗ, ಎಲ್ಲಿಂದ ಲಾಗಿನ್ ಆಗುತ್ತಾರೆ, ಎಷ್ಟು ಹಣ ಯಾರಿಗೆ ಹೋಗುತ್ತದೆ ಎಂಬ ರೂಢಿಯನ್ನು ಅದು ಕಲಿಯುತ್ತದೆ. ರೂಢಿ ತಪ್ಪಿದರೆ ಎಚ್ಚರಿಸುತ್ತದೆ. ಒಂದು ಲ್ಯಾಪ್‌ಟಾಪಿನಲ್ಲಿ ಫೈಲುಗಳು ಸರಸರನೆ ಲಾಕ್ ಆಗತೊಡಗಿದರೆ ಯಾರನ್ನೂ ಕೇಳದೆ ಅದನ್ನು ನೆಟ್‌ವರ್ಕಿನಿಂದ ಬೇರ್ಪಡಿಸುತ್ತದೆ. ನಾವೆಲ್ಲ ಜುಮಾ ನಮಾಝಿನಲ್ಲಿದ್ದಾಗಲೂ ಅದರ ಕೆಲಸ ನಿಲ್ಲುವುದಿಲ್ಲ.

ಆದರೆ ಅದಕ್ಕೆ ನಮ್ಮ ಊರು ಗೊತ್ತಿಲ್ಲ. ವರ್ಷವಿಡೀ ರಾತ್ರಿ 9ಕ್ಕೆ ಮುಚ್ಚುವ ಅಂಗಡಿ ರಮಝಾನಿನಲ್ಲಿ 2 ಗಂಟೆಯವರೆಗೆ ತೆರೆದಿರುತ್ತದೆ. ಕೊನೆಯ 10 ರಾತ್ರಿಗಳಲ್ಲಿ ದಾನದ ಹಣ ಒಮ್ಮೆಲೇ ಹರಿದು ಬರುತ್ತದೆ. ಯಂತ್ರಕ್ಕೆ ಇದೆಲ್ಲ ಕಳ್ಳತನದಂತೆಯೇ ಕಾಣುತ್ತದೆ. ದಿನಕ್ಕೆ 50 ಸುಳ್ಳು ಎಚ್ಚರಿಕೆ ಬಂದರೆ ಗುಮಾಸ್ತ ಬೇಸತ್ತು ಅದನ್ನು ಆಫ್ ಮಾಡುತ್ತಾನೆ. ಹಾಗೆ ಆಫ್ ಮಾಡಿದ ವ್ಯವಸ್ಥೆ ಢಾಕಾದ ಆ ಪ್ರಿಂಟರಿನ ಹಾಗೆ. ದುಬಾರಿ ಸಾಫ್ಟ್‌ವೇರ್ ಕೊಳ್ಳುವ ಮೊದಲು ರಜಾದಿನ ಎಚ್ಚರಿಕೆ ಬಂದರೆ ಯಾರ ಫೋನ್ ಬಡಿದುಕೊಳ್ಳಬೇಕು, ಅವರು ಸಿಗದಿದ್ದರೆ ಯಾರದು ಎಂದು ಬರೆದಿಡಿ. ಚಿಕ್ಕ ಅಂಗಡಿಗೆ ಇಮೇಲಿನ ಎರಡು ಹಂತದ ಲಾಗಿನ್, ತಾನಾಗಿ ಆಗುವ ಅಪ್‌ಡೇಟ್, ತಾನಾಗಿ ಆಗುವ ಬ್ಯಾಕಪ್ ಇದ್ದರೆ ಸದ್ಯಕ್ಕೆ ಸಾಕು.

ತಡೆಯುವ ಅಧಿಕಾರವನ್ನು ಯಂತ್ರಕ್ಕೆ ಧಾರಾಳವಾಗಿ ಕೊಡಬಹುದು, ಹಣ ಬಿಡುಗಡೆ ಮಾಡುವ ಅಧಿಕಾರ ಕೊಡಬಾರದು ಎಂಬುದು ನಮ್ಮ ಅಭಿಪ್ರಾಯ. ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್-ಬಕರಾದ 282ನೆಯದು ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿಗಳನ್ನು ಇಟ್ಟುಕೊಳ್ಳುವ ವಿಷಯದ್ದೇ. ನಮ್ಮ ಟ್ರಸ್ಟಿನಲ್ಲಿ ಪ್ರತಿ ಪಾವತಿಗೂ ಇಬ್ಬರ ಒಪ್ಪಿಗೆ ಬೇಕು. ಯಾರಾದರೂ 'ನಮ್ಮ ಖಾತೆ ಸಂಖ್ಯೆ ಬದಲಾಗಿದೆ' ಎಂದು ಬರೆದರೆ, ಆ ಪತ್ರದಲ್ಲಿರುವ ನಂಬರಿಗಲ್ಲ, ಹಳೆಯ ಕಡತದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳುತ್ತೇವೆ. ಸರಕು ಕಳಿಸುವವರ ಹೆಸರಿನಲ್ಲಿ ಇಂಥ ಪತ್ರ ಬಂದರೆ ವ್ಯಾಪಾರಿಗಳೂ ಹೀಗೆಯೇ ಮಾಡಬೇಕು. ಹಣ ಹೋಗಿಯೇಬಿಟ್ಟರೆ ಮರ್ಯಾದೆಗೆ ಅಂಜಿ ಸುಮ್ಮನಿರದೆ ತಕ್ಷಣ 1930ಕ್ಕೆ ಕರೆ ಮಾಡಿ. ಕಂಪನಿಗಳಾದರೆ ಸೈಬರ್ ದಾಳಿಯನ್ನು ತಿಳಿದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು 2022ರ ಏಪ್ರಿಲಿನ ಆದೇಶವಿದೆ.

ವಿದ್ಯಾರ್ಥಿಗಳೇ, ಯಂತ್ರದ ಎಚ್ಚರಿಕೆಗಳಲ್ಲಿ ಜೊಳ್ಳು ಯಾವುದು, ಗಟ್ಟಿ ಯಾವುದು ಎಂದು ಬೇರ್ಪಡಿಸುವುದೇ ಈಗ ಒಂದು ಉದ್ಯೋಗ. ಇದು ಇಂಜಿನಿಯರಿಂಗ್ ಓದಿದವರಿಗೆ ಮಾತ್ರ ಮೀಸಲಲ್ಲ. ಲೆಕ್ಕಪತ್ರ ಬಲ್ಲ ಬಿ.ಕಾಂ. ಮಕ್ಕಳೂ ಪ್ರಯತ್ನಿಸಬಹುದು. ಸೈಬರ್ ಭದ್ರತೆಯ ಡಿಪ್ಲೊಮಾ, ಪದವಿ ಓದುವವರ ಅರ್ಜಿಗಳನ್ನೂ ಈ ಸಾಲಿನಲ್ಲಿ ಪರಿಗಣಿಸುತ್ತೇವೆ.

ಅರ್ಜಿಗೆ ಶುಲ್ಕವಿಲ್ಲ. ನಾವು ಯಾರಿಂದಲೂ ಓಟಿಪಿ ಅಥವಾ ಯುಪಿಐ ಪಿನ್ ಕೇಳುವುದಿಲ್ಲ. ವಿದ್ಯಾರ್ಥಿವೇತನ ಮಂಜೂರಾಗಿದೆ, ಲಿಂಕ್ ಒತ್ತಿ ಎಂಬ ಸಂದೇಶ ಬಂದರೆ ಒತ್ತಬೇಡಿ, ಕಚೇರಿಗೆ ಬಂದು ತೋರಿಸಿ. ಅರ್ಜಿ ನಮೂನೆ ಕಾಗದದ ರೂಪದಲ್ಲೂ ಅಲ್ಲೇ ಸಿಗುತ್ತದೆ.