ಕೆಲಸದ ನಡುವಿನ ನಗು



ಹೈದರಾಬಾದಿನ ದಿಲ್‌ಸುಖ್‌ನಗರ ಬರೀ ವ್ಯಾಪಾರದ ಬಡಾವಣೆ. ವಿಜಯವಾಡದ ಹೆದ್ದಾರಿಯ ಎರಡೂ ಬದಿಗೆ ಸೀರೆ ಅಂಗಡಿ, ಬಂಗಾರದ ಅಂಗಡಿ, ತಳ್ಳುಗಾಡಿಗಳ ಸಾಲು. ಅಂಗಡಿಗಳ ಮೇಲಿನ ಮಹಡಿಗಳಲ್ಲಿ ಕೋಚಿಂಗ್ ಸೆಂಟರುಗಳು. ಅವಕ್ಕೂ ಮೇಲೆ, 2018ರಿಂದ ಓಡುತ್ತಿರುವ ಮೆಟ್ರೊ. ಇಲ್ಲಿನ ಒಂದು ಸೀರೆ ಅಂಗಡಿಯಲ್ಲಿ ನಾನು ಕಂಡದ್ದನ್ನು ಮೊದಲು ಹೇಳುತ್ತೇನೆ. ಗಾದಿಯ ಮೇಲೆ ಹತ್ತಾರು ಸೀರೆಗಳನ್ನು ಬಿಚ್ಚಿ ಹರವಿಯಾಗಿತ್ತು. ತೋರಿಸುತ್ತಿದ್ದವನು ನಾರಾಯಣಪೇಟೆ ಕಡೆಯ ಹುಡುಗ. ರಾಯಚೂರಿನ ಗಡಿಗೆ ಹತ್ತಿಕೊಂಡ ಊರಿನವನಾದ್ದರಿಂದ ಕನ್ನಡ, ತೆಲುಗು, ದಖ್ಖನಿ ಉರ್ದು ಮೂರೂ ಅವನಿಗೆ ಸಲೀಸು. ಕೊಳ್ಳಲು ಬಂದ ಹೆಣ್ಣುಮಗಳು ಯಾವುದೂ ಬೇಡವೆಂದು ಎದ್ದು ನಿಂತಾಗ ಅವನು ಅಂದ: “ಅಕ್ಕಾರ, ಸೀರಿಗೆ ನೀವು ಪಸಂದ್ ಬಂದೀರಿ. ನಿಮಗ ಸೀರಿ ಪಸಂದ್ ಬರೂದಷ್ಟ ಬಾಕಿ ಐತಿ.” ಆಕೆ ನಕ್ಕಳು. ಮತ್ತೆ ಕುಳಿತು, ಅಲ್ಲಿಯವರೆಗೆ ಬಾಯಿಬಿಡದಿದ್ದ ಮಾತು ಹೇಳಿದಳು: “ತಮ್ಮಾ, ನನ್ನ ಕಡೆ ಇರೂದು ಎರಡ ಸಾವಿರ ನೋಡು.” ಹುಡುಗ ಕೆಳಗಿನ ಖಾನೆಯಿಂದ ಬೇರೆ ಕಟ್ಟು ತೆಗೆದ. ಐದು ನಿಮಿಷದಲ್ಲಿ ವ್ಯಾಪಾರ ಕುದುರಿತು.

ಆ ನಗು ಮಾಡಿದ ಕೆಲಸ ಏನು? ನಾಚಿಕೆಯಿಂದ ತಡೆದಿಟ್ಟಿದ್ದ ನಿಜವನ್ನು ಅದು ಹೊರಗೆ ತಂದಿತು. ವ್ಯವಹಾರದಲ್ಲಿ, ಕಚೇರಿಯಲ್ಲಿ ಹಾಸ್ಯಕ್ಕೆ ನಿಜವಾದ ಬೆಲೆ ಇರುವುದು ಇಲ್ಲೇ ಎಂದು ನಾನು ನಂಬಿದ್ದೇನೆ. ಬೇಸರ ಕಳೆಯುವುದು, ಗಿರಾಕಿಯನ್ನು ಒಲಿಸುವುದು ಆಮೇಲಿನ ಮಾತು. ಬಾಯಿಬಿಟ್ಟು ಹೇಳಲಾಗದ ನಿಜ ಒಬ್ಬರಿಂದ ಇನ್ನೊಬ್ಬರಿಗೆ, ಅದರಲ್ಲೂ ಕೆಳಗಿನವರಿಂದ ಮೇಲಿನವರಿಗೆ ತಲುಪಲು ನಗು ದಾರಿ ಮಾಡಿಕೊಡುತ್ತದೆ. ಇದರ ಹಿಂದೆ ದೊಡ್ಡ ಚರಿತ್ರೆಯೇ ಇದೆ.

ನಮ್ಮ ದೊಡ್ಡಾಟ ಎಂಬ ಬಯಲಾಟದ ಸಾರಥಿಯನ್ನು ನೆನೆಯಿರಿ. ರಾಜನ ಪಾತ್ರ ಕಿರೀಟ ಭುಜಕೀರ್ತಿ ತೊಟ್ಟು ಅಬ್ಬರಿಸುತ್ತ ರಂಗಕ್ಕೆ ಬರುತ್ತದೆ. ಸಾರಥಿ ಎದುರು ನಿಂತು ತಾವು ಯಾರು, ಯಾವ ಊರು, ಇಲ್ಲಿಗೆ ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ರಾಜ ತನ್ನ ಪರಾಕ್ರಮ ಕೊಚ್ಚಿಕೊಂಡರೆ ನಡುವೆ ಚೇಷ್ಟೆಯ ಮಾತು ಹಾಕುತ್ತಾನೆ. ಚಾಕರಿಯ ಆಳಿಗೆ ಅರಸನನ್ನು ಪ್ರಶ್ನಿಸುವ ಹಕ್ಕನ್ನು ನಮ್ಮ ಹಳ್ಳಿಯ ಜನ ಆಟದ ಕಟ್ಟಿನಲ್ಲೇ ಸೇರಿಸಿಟ್ಟರು. 1509ರಿಂದ 1529ರವರೆಗೆ ಆಳಿದ ಕೃಷ್ಣದೇವರಾಯನ ಸುತ್ತ ತೆನಾಲಿ ರಾಮಕೃಷ್ಣನ ಕಥೆಗಳು ಬೆಳೆದದ್ದೂ ಇದೇ ಆಸೆಯಿಂದ. ಅವುಗಳಲ್ಲಿ ಎಷ್ಟು ನಡೆದದ್ದು, ಎಷ್ಟು ಕಟ್ಟಿದ್ದು ಎಂಬುದು ಮುಖ್ಯವಲ್ಲ. ದೊರೆಯ ತಪ್ಪನ್ನು ದೊರೆಗೆ ಹೇಳುವವನೊಬ್ಬ ಇರಬೇಕು, ಹೇಳಿದ ಮೇಲೂ ಅವನ ತಲೆ ಉಳಿಯಬೇಕು. ತಲೆಮಾರುಗಳಿಂದ ಜನ ಬಯಸಿದ್ದು ಇದನ್ನು.

ದರ್ಬಾರು ಹೋಗಿ ದಫ್ತರ ಬಂತು. ನಗು ಅಲ್ಲಿಗೂ ಬಂತು. 1956ರ ತನಕ ಕಲಬುರಗಿ, ಬೀದರ, ರಾಯಚೂರು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ನಿಜಾಮರ ಆಡಳಿತದ ಭಾಷೆ ಉರ್ದು, ಮನೆಯಲ್ಲಿ ಕನ್ನಡ, ತೆಲುಗು, ಮರಾಠಿ, ಸಂತೆಯಲ್ಲಿ ದಖ್ಖನಿ. ಈ ಮಣ್ಣಿನಲ್ಲಿ, ಬೀದರ ಜಿಲ್ಲೆಯ ಚಿಟಗುಪ್ಪದಲ್ಲಿ 1922ರಲ್ಲಿ ಸುಲೇಮಾನ್ ಖತೀಬ್ ಹುಟ್ಟಿದರು. ಕಲಬುರಗಿಯ ನೀರು ಸರಬರಾಜು ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ದಖ್ಖನಿಯ ದೊಡ್ಡ ಹಾಸ್ಯ ಕವಿಯಾದರು. ಶಾಯರಿಗೆ ಯೋಗ್ಯವಲ್ಲವೆಂದು ಪಂಡಿತರು ಬದಿಗಿಟ್ಟಿದ್ದ ಬೀದಿಯ ಮಾತಿನಲ್ಲಿ ಬರೆದು, ಮುಶಾಯಿರಾ ಎಂಬ ಕವಿಗೋಷ್ಠಿಗಳಲ್ಲಿ ಸಾವಿರಾರು ಜನರನ್ನು ನಗಿಸಿದರು. ತಿಂಗಳ ಮೊದಲ ತಾರೀಖು, ಅಂದರೆ ಸಂಬಳದ ದಿನ, ಅವರ ಹೆಸರಾಂತ ಕವಿತೆಯೊಂದರ ವಸ್ತು. ಸಂಬಳ ಸಾಲುವುದಿಲ್ಲವೆಂದು ಗುಮಾಸ್ತ ಸಾಹೇಬರ ಮುಂದೆ ಹೇಳಲಾರ. ಮುಶಾಯಿರಾದಲ್ಲಿ ಅದೇ ಮಾತಿಗೆ ಸಾಹೇಬರೂ ಗುಮಾಸ್ತರೂ ಅಕ್ಕಪಕ್ಕ ಕುಳಿತು ನಗುತ್ತಿದ್ದರು.

ಇದೇ ಸೀಮೆಯ ಇನ್ನೊಬ್ಬ ಹಾಸ್ಯ ಲೇಖಕರು ಕಲಬುರಗಿ ಜಿಲ್ಲೆಯ ಮುಜ್ತಬಾ ಹುಸೇನ್. 1936ರಲ್ಲಿ ಹುಟ್ಟಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಹೈದರಾಬಾದಿನ ‘ಸಿಯಾಸತ್’ ಪತ್ರಿಕೆ ಸೇರಿದರು. ಪತ್ರಿಕೆಯ ಹಾಸ್ಯ ಅಂಕಣ ಬರೆಯುತ್ತಿದ್ದ ಶಾಹಿದ್ ಸಿದ್ದೀಖಿ 1962ರಲ್ಲಿ ತೀರಿಕೊಂಡಾಗ ಆ ಜಾಗಕ್ಕೆ ಇವರನ್ನು ಹಚ್ಚಿದರು. ನಗಿಸುವುದು ಅವರಿಗೆ ಕಚೇರಿ ಒಪ್ಪಿಸಿದ ಡ್ಯೂಟಿ. ಅಲ್ಲಿಂದ ಶುರುವಾದ ಬರವಣಿಗೆಗೆ 2007ರಲ್ಲಿ ಪದ್ಮಶ್ರೀ ಬಂತು. ಹೈದರಾಬಾದಿನಲ್ಲಿ ‘ಜಿಂದಾ ದಿಲಾನೆ ಹೈದರಾಬಾದ್’ ಎಂಬ ಹಾಸ್ಯಪ್ರಿಯರ ಸಂಸ್ಥೆ ಹುಟ್ಟಿದ್ದು 1960ರ ದಶಕದಲ್ಲೇ. 1968ರಲ್ಲಿ ಮುಸ್ತಫಾ ಕಮಾಲ್ ‘ಶಗೂಫಾ’ ಎಂಬ ಹಾಸ್ಯ ಮಾಸಿಕ ಹೊರಡಿಸಿದರು, ಅದು ಅರ್ಧ ಶತಮಾನ ದಾಟಿ ನಡೆಯಿತು.

ಕನ್ನಡದ ಕಡೆ ನೋಡಿದರೂ ನಗೆಬರಹ ಹುಟ್ಟಿದ್ದು ನೌಕರಿಯ ಮೇಜಿನ ಮೇಲೆಯೇ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್, ಅಂದರೆ ನಮ್ಮ ಬೀಚಿ, ಪೊಲೀಸ್ ಇಲಾಖೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅಧಿಕಾರ ಎಂದರೇನು, ಭಯ ಎಂದರೇನು ಎಂಬುದನ್ನು ಅಷ್ಟು ಹತ್ತಿರದಿಂದ ಕಂಡವರ ಕೈಯಲ್ಲಿ ತಿಂಮ ಎಂಬ ನಗೆಯ ಪಾತ್ರ ಬೆಳೆಯಿತು. ಬೆಂಗಳೂರಿನಲ್ಲಿ ವೈದ್ಯರಾಗಿದ್ದ ರಾಶಿ, ಡಾ. ಎಂ. ಶಿವರಾಂ, 1942ರಲ್ಲಿ ‘ಕೊರವಂಜಿ’ ಆರಂಭಿಸಿದರು. ಮಹಾಯುದ್ಧದ ಅಭಾವದ ದಿನಗಳಲ್ಲಿ ಹುಟ್ಟಿದ ಪತ್ರಿಕೆ 25 ವರ್ಷ ಬಾಳಿತು. ಆರ್. ಕೆ. ಲಕ್ಷ್ಮಣ್ ಎಳವೆಯಲ್ಲಿ ಅದಕ್ಕೆ ಚಿತ್ರ ಬರೆದರು. ಆಮೇಲಿನ ತಲೆಮಾರಿನಲ್ಲಿ ಡುಂಡಿರಾಜ್ ಬ್ಯಾಂಕ್ ಅಧಿಕಾರಿಯಾಗಿದ್ದುಕೊಂಡೇ ಹನಿಗವನ ಬರೆದರು. ನೀರಿನ ಇಲಾಖೆ, ಪತ್ರಿಕಾ ಕಚೇರಿ, ಪೊಲೀಸ್ ಕಚೇರಿ, ಬ್ಯಾಂಕು. ನಮ್ಮನ್ನು ನಗಿಸಿದವರು ಬಿಡುವಿನವರಲ್ಲ, ದುಡಿಯುವವರು.

‘ಕೊರವಂಜಿ’ಯ ಕಾಲದಲ್ಲೇ ವ್ಯಾಪಾರಸ್ಥರಿಗೂ ನಗುವಿನ ಬೆಲೆ ಗೊತ್ತಾಗಿ, ಜಾಹೀರಾತಿಗೆ ನಗೆಚಿತ್ರಗಳು ಬಂದವು. 1946ರಲ್ಲಿ ಬಾಬಿ ಕೂಕಾ ಮತ್ತು ಉಮೇಶ್ ರಾವ್ ಸೇರಿ ಏರ್ ಇಂಡಿಯಾದ ಮಹಾರಾಜನನ್ನು ಸೃಷ್ಟಿಸಿದರು. 1954ರಲ್ಲಿ ಲಕ್ಷ್ಮಣ್ ಏಷ್ಯನ್ ಪೇಂಟ್ಸ್‌ಗೆ ಗಟ್ಟು ಎಂಬ ತುಂಟ ಹುಡುಗನನ್ನು ಬರೆದುಕೊಟ್ಟರು. 1960ರ ದಶಕದಲ್ಲಿ ಅಮುಲ್ ಹುಡುಗಿ ಬಂದಳು. ಆದರೆ ಗಿರಾಕಿಯನ್ನು ನಗಿಸಲು ಹಣ ಸುರಿದ ಕಂಪನಿಗಳೆಲ್ಲ ಕೆಲಸಗಾರನ ನಗುವನ್ನು ಸಹಿಸಿದವು ಎನ್ನುವಂತಿಲ್ಲ.

ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ 1940ರಲ್ಲಿ ಜಾನ್ ಗ್ಯಾಲೊ ಎಂಬ ಕಾರ್ಮಿಕನನ್ನು ಕೆಲಸದಿಂದ ತೆಗೆದರು. ಅವನ ಅಪರಾಧ ಮುಗುಳ್ನಕ್ಕದ್ದು. ಅದಕ್ಕೂ ಮುಂಚೆ ಜೊತೆಯವರೊಡನೆ ನಕ್ಕು ಕೆಲಸ ಅರ್ಧ ನಿಮಿಷ ತಡಮಾಡಿದನೆಂಬ ದೂರಿತ್ತು. ನಕ್ಕ ಹೊತ್ತು ಕಳೆದುಹೋದ ಹೊತ್ತು ಎಂಬುದು ಆ ಕಾಲದ ಲೆಕ್ಕಾಚಾರ.

ಆ ಲೆಕ್ಕ ತಪ್ಪೆಂದು ತೋರಿಸಿದವರು ಡೊನಾಲ್ಡ್ ರಾಯ್ ಎಂಬ ಸಮಾಜಶಾಸ್ತ್ರಜ್ಞ. ಅವರು ಸ್ವತಃ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಂತು ದುಡಿದು, ಕಂಡದ್ದನ್ನು 1959-60ರಲ್ಲಿ ಪ್ರಕಟಿಸಿದರು. ದಿನಕ್ಕೆ ಹನ್ನೆರಡು ತಾಸು, ಒಂದೇ ಥರ ಅಚ್ಚೊತ್ತಿ ತುಂಡು ಕತ್ತರಿಸುವ ಕೆಲಸ. ಬುದ್ಧಿ ಮಂಕಾಗುವಂಥ ಬೇಸರ. ಅಲ್ಲಿ ಸ್ಯಾಮಿ ಎಂಬಾತ ದಿನಾ ಬುತ್ತಿಯಲ್ಲಿ ಒಂದು ಬಾಳೆಹಣ್ಣು ತರುತ್ತಿದ್ದ. ಐಕ್ ಎಂಬಾತ ದಿನಾ ಅದನ್ನು ಕದ್ದು, ‘ಬಾಳೆಹಣ್ಣಿನ ಹೊತ್ತು’ ಎಂದು ಕೂಗಿ ತಿಂದುಬಿಡುತ್ತಿದ್ದ. ಸ್ಯಾಮಿ ದಿನಾ ರೇಗುತ್ತಿದ್ದ, ಮರುದಿನ ಮತ್ತೆ ತರುತ್ತಿದ್ದ. ಹೊರಗಿನವರಿಗೆ ಹುಚ್ಚಾಟವಾಗಿ ಕಾಣುವ ಈ ಚೇಷ್ಟೆಯೇ ಅವರ ದಿನವನ್ನು ಭಾಗ ಮಾಡಿ, ತಾಳಿಕೊಳ್ಳುವಂತೆ ಮಾಡಿತ್ತು. ಒಂದು ದಿನ ಆಟ ಹದ ತಪ್ಪಿತು. ಅವರಲ್ಲೊಬ್ಬನಿಗೆ ಪ್ರೊಫೆಸರರ ಮನೆಯ ಬೀಗತನದ ಹೆಮ್ಮೆ. ಆ ಪ್ರೊಫೆಸರರು ಕಲಿಸುವುದು ಕ್ಷೌರದ ಶಾಲೆಯಲ್ಲಿ ಎಂದು ಉಳಿದವರು ತಮಾಷೆ ಮಾಡಿದರು. ಅವನು ಮಾತು ಬಿಟ್ಟ. ಎಲ್ಲರ ನಗುವೂ ನಿಂತಿತು. ನಗು ನಿಂತ ಆ ದಿನಗಳಲ್ಲಿ ದಣಿವು ಹೆಚ್ಚಾಯಿತು ಎಂದು ರಾಯ್ ಬರೆದರು. ಯಂತ್ರ ಅದೇ, ತಾಸುಗಳೂ ಅವೇ.

ಯಾರು ಯಾರನ್ನು ಎಲ್ಲಿಯವರೆಗೆ ಚೇಷ್ಟೆ ಮಾಡಬಹುದು ಎಂಬ ಪ್ರಶ್ನೆಗೆ ನಮ್ಮ ಹಳ್ಳಿಗಳು ಯಾವಾಗಲೋ ಉತ್ತರ ಕಂಡುಕೊಂಡಿದ್ದವು. ಭಾವ-ಮೈದುನರು ಎಷ್ಟು ಬೇಕಾದರೂ ಕಾಲೆಳೆಯಬಹುದು, ಮಾವನ ಮುಂದೆ ಬಾಯಿ ಬಿಗಿಹಿಡಿಯಬೇಕು. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ ಇಂಥ ಚೇಷ್ಟೆಯ ನಂಟಸ್ತಿಕೆಗಳ ಬಗ್ಗೆ 1940ರಲ್ಲೇ ಬರೆದರು. ಹೈದರಾಬಾದಿನ ಅಂಗಡಿಗಳಲ್ಲಿ ಜೊತೆ ಕೆಲಸದವರು ಒಬ್ಬರನ್ನೊಬ್ಬರು ‘ಮಾಮಾ’, ‘ಬಾವ’ ಎಂದು ಕರೆಯುವುದನ್ನು ಕೇಳಿ. ರಕ್ತಸಂಬಂಧವಿಲ್ಲದವರು ನಂಟಿನ ಹೆಸರು ಹಿಡಿದು ಚೇಷ್ಟೆಗೆ ಪರವಾನಗಿ ಪಡೆದುಕೊಳ್ಳುತ್ತಾರೆ. ಪರವಾನಗಿ ಕೊಡಬೇಕಾದವರು ಚೇಷ್ಟೆಗೆ ಗುರಿಯಾಗುವವರು ಎಂಬುದನ್ನು ಮಾತ್ರ ಮರೆಯಬಾರದು. ಕಚೇರಿಗಳಲ್ಲಿ ಹೆಣ್ಣುಮಕ್ಕಳು ಎಷ್ಟೋ ವರ್ಷ ‘ತಮಾಷೆಗೆ ಹೇಳಿದೆ’ ಎಂಬ ನೆಪದ ಕೆಳಗೆ ಹೊಲಸು ಮಾತು ನುಂಗಿಕೊಂಡರು. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು, ಆಮೇಲೆ 2013ರ ಕಾಯ್ದೆ, ಅಂಥ ಮಾತು ಲೈಂಗಿಕ ಕಿರುಕುಳವೇ ಎಂದು ಸ್ಪಷ್ಟಪಡಿಸಿದವು. ಇದರಿಂದ ಹಾಸ್ಯಕ್ಕೆ ಏನೂ ನಷ್ಟವಾಗಲಿಲ್ಲ.

ಯಜಮಾನನೇ ನಗೆಗೆ ತನ್ನನ್ನು ಒಡ್ಡಿಕೊಂಡರೆ ಏನಾದೀತು? ಅಮೆರಿಕದ ಸೌತ್‌ವೆಸ್ಟ್ ವಿಮಾನ ಕಂಪನಿಯ ಮುಖ್ಯಸ್ಥರಾಗಿದ್ದ ಹರ್ಬ್ ಕೆಲೆಹರ್ ಇದಕ್ಕೆ ಸಾಕ್ಷಿ. ಅವರ ಜಾಹೀರಾತಿನ ಘೋಷವಾಕ್ಯವನ್ನು ಸ್ಟೀವನ್ಸ್ ಎಂಬ ಇನ್ನೊಂದು ಕಂಪನಿ ಮೊದಲೇ ಬಳಸುತ್ತಿತ್ತು. ಕೋರ್ಟಿಗೆ ಹೋಗುವ ಬದಲು 1992ರಲ್ಲಿ ಎರಡೂ ಕಂಪನಿಗಳ ಮುಖ್ಯಸ್ಥರು ಡಲ್ಲಾಸ್‌ನಲ್ಲಿ ಜನರ ಎದುರು ಪಂಜ ಕುಸ್ತಿ ಆಡಿದರು. ಅರವತ್ತು ದಾಟಿದ್ದ ಕೆಲೆಹರ್ ಸೋತರು. ಗೆದ್ದವರು ‘ಇಬ್ಬರೂ ಆ ವಾಕ್ಯ ಬಳಸೋಣ’ ಎಂದರು. ವಕೀಲರ ಖರ್ಚು ಉಳಿಯಿತು, ಪಂದ್ಯದ ಹಣ ದಾನಕ್ಕೆ ಹೋಯಿತು. ಯಜಮಾನ ಸೋತು ನಕ್ಕದ್ದನ್ನು ಕಂಪನಿಯ ನೌಕರರು ಕಣ್ಣಾರೆ ಕಂಡರು. ಸಣ್ಣ ಸೋಲನ್ನು ಹೀಗೆ ಒಪ್ಪಿಕೊಳ್ಳುವವರ ಹತ್ತಿರ ದೊಡ್ಡ ತಪ್ಪು ಹೇಳಲು ಯಾರೂ ಅಂಜುವುದಿಲ್ಲ.

ದಿಲ್‌ಸುಖ್‌ನಗರದ ಕೋಚಿಂಗ್ ತರಗತಿಗಳಿಗೆ ಈ ಪಾಠ ಇನ್ನೂ ಹತ್ತಿರದ್ದು. ಇಕ್ಕಟ್ಟಿನ ಹಾಲಿನಲ್ಲಿ ನೂರಾರು ಹುಡುಗರು, ಬಹಳಷ್ಟು ಜನ ಹಳ್ಳಿಯಿಂದ ಬಂದವರು, ಸರ್ಕಾರಿ ನೌಕರಿಯ ಮೇಲೆ ಮನೆಯವರ ಆಸೆ ಹೊತ್ತವರು. ಒಬ್ಬ ಮೇಷ್ಟ್ರು ಲೆಕ್ಕದ ಮೇಲೆ ತಮಾಷೆ ಮಾಡುತ್ತಾರೆ. ಲೆಕ್ಕದ ರೈಲು ಸುರಂಗ ದಾಟುವಷ್ಟರಲ್ಲಿ ಅದರ ಪ್ರಯಾಣಿಕರು ನಿದ್ದೆ ಮಾಡಿ ಎದ್ದಿರುತ್ತಾರೆ ಎನ್ನುತ್ತಾರೆ. ಇಡೀ ತರಗತಿ ನಗುತ್ತದೆ, ತೂಕಡಿಸುವವನೂ ಎಚ್ಚರವಾಗುತ್ತಾನೆ. ಇನ್ನೊಬ್ಬರು ಹುಡುಗನ ಇಂಗ್ಲಿಷ್ ಉಚ್ಚಾರಣೆಯನ್ನು ಅಣಕಿಸುತ್ತಾರೆ. ಆಗಲೂ ತರಗತಿ ನಗುತ್ತದೆ. ಆದರೆ ಆ ಹುಡುಗ ಮತ್ತೆಂದೂ ಕೈ ಎತ್ತಿ ಪ್ರಶ್ನೆ ಕೇಳುವುದಿಲ್ಲ. ಅವನಿಗೆ ಎಲ್ಲಿ ಅರ್ಥವಾಗಲಿಲ್ಲ ಎಂಬುದು ಮೇಷ್ಟ್ರಿಗೆ ಪರೀಕ್ಷೆಯ ಫಲಿತಾಂಶ ಬರುವ ತನಕ ತಿಳಿಯುವುದೇ ಇಲ್ಲ.

ನೌಕರಿ ಕೊಡುವವರಿಗೆ, ಅಂಗಡಿ ನಡೆಸುವವರಿಗೆ, ಕಚೇರಿಯ ಮೇಲಧಿಕಾರಿಗಳಿಗೆ ನನ್ನ ವಿನಂತಿ ಇಷ್ಟು. ನಗೆಕೂಟ ಏರ್ಪಡಿಸುವ ಮೊದಲು ನಿಮ್ಮ ಕಚೇರಿಯಲ್ಲಿ ಯಾರು ಯಾರನ್ನು ನೋಡಿ ನಗುತ್ತಿದ್ದಾರೆ ಎಂದು ಗಮನಿಸಿ. ನಗು ಸದಾ ಮೇಲಿನಿಂದ ಕೆಳಕ್ಕೇ ಬೀಳುತ್ತಿದ್ದರೆ ಅಲ್ಲಿ ಅಂಜಿಕೆ ಮನೆಮಾಡಿದೆ. ನಿಮ್ಮ ಕೈಕೆಳಗಿನ ತೀರ ಕಿರಿಯ ಹುಡುಗ ಎಲ್ಲರ ಎದುರು ನಿಮ್ಮನ್ನೇ ಕುರಿತು ಒಂದು ಮಾತು ಆಡಿ, ನೀವೂ ಮನಸಾರೆ ನಗುವಂತಿದ್ದರೆ, ಸ್ಟಾಕಿನಲ್ಲಿ ಹರಿದ ಸೀರೆ ಇದೆ, ಲೆಕ್ಕದಲ್ಲಿ ತಪ್ಪಿದೆ, ಗಿರಾಕಿಗೆ ಅನ್ಯಾಯವಾಗಿದೆ ಎಂಬ ಸುದ್ದಿಯನ್ನೂ ಅದೇ ಹುಡುಗ ಹೊತ್ತಿಗೆ ಸರಿಯಾಗಿ ನಿಮಗೆ ಮುಟ್ಟಿಸುತ್ತಾನೆ. ಆ ಸಲಿಗೆಯನ್ನು ಯಾವ ಸಂಬಳದಿಂದಲೂ ಕೊಳ್ಳಲಾಗದು, ನೀವೇ ಮೊದಲು ಕೊಡಬೇಕು.