ರೈತರ ಆದಾಯ ಮತ್ತು ತೆರಿಗೆ: ತಿಳಿಸುವ ಹೊಣೆ ಯಾರದು?



‘ಬೇಸಾಯಗಾರನಿಗೆ ಆದಾಯ ತೆರಿಗೆ ಇಲ್ಲ’ ಎಂಬ ಮಾತು ಹಳ್ಳಿಹಳ್ಳಿಯಲ್ಲೂ ಕೇಳಿಬರುತ್ತದೆ. ಇದು ಅರ್ಧ ಮಾತ್ರ ನಿಜ. ಕೇಂದ್ರದ ಆದಾಯ ತೆರಿಗೆಯಿಂದ ವಿನಾಯಿತಿ ಇರುವುದು ಕೃಷಿ ಆದಾಯಕ್ಕೆ; ರೈತನ ಎಲ್ಲ ಆದಾಯಕ್ಕೂ ಅಲ್ಲ.

ಕೃಷಿ ಆದಾಯ ಯಾವುದು? ಭೂಮಿಯನ್ನು ಉತ್ತು, ಬಿತ್ತಿ, ನೆಟ್ಟು ಬೆಳೆದ ಫಸಲಿನಿಂದ ಬರುವಂಥದು. ಈ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ಸ್ಪಷ್ಟಪಡಿಸಿತು. ರಾಗಿ, ತೆಂಗು, ತರಕಾರಿ, ನರ್ಸರಿಯ ಸಸಿಗಳನ್ನು ಮಾರಿದ ಹಣ ಇದಕ್ಕೆ ಸೇರುತ್ತದೆ. ಹೈನುಗಾರಿಕೆ, ಕೋಳಿ ಸಾಕಣೆ, ಟ್ರ್ಯಾಕ್ಟರ್ ಬಾಡಿಗೆ, ಬ್ಯಾಂಕಿನ ಬಡ್ಡಿ ಇವು ಸೇರುವುದಿಲ್ಲ. ಹಿಪ್ಪುನೇರಳೆ ಸೊಪ್ಪನ್ನು ಮಾರಿದರೆ ಅದು ಕೃಷಿ ಆದಾಯ; ಅದೇ ಸೊಪ್ಪನ್ನು ಹುಳುವಿಗೆ ಹಾಕಿ ಗೂಡು ಮಾರಿದರೆ ಆ ಹಣ ಕೃಷಿ ಆದಾಯವಲ್ಲ.

ಒಂದು ಉದಾಹರಣೆ. 2025-26ರಲ್ಲಿ ಒಬ್ಬ ರೈತರಿಗೆ ಖರ್ಚು ಕಳೆದು ಹಾಲಿನಿಂದ 2,40,000, ರೇಷ್ಮೆಗೂಡಿನಿಂದ 2,10,000, ಬಡ್ಡಿಯಿಂದ 30,000 ರೂಪಾಯಿ ಬಂದಿದೆ ಎಂದು ಇಟ್ಟುಕೊಳ್ಳಬಹುದು. ತರಕಾರಿಯಿಂದ 1,50,000 ಬಂದಿದೆ. ತರಕಾರಿಯ ಹಣ ಬಿಟ್ಟರೂ ಒಟ್ಟು 4,80,000. ಆ ವರ್ಷ ಹೊಸ ಪದ್ಧತಿಯಲ್ಲಿ ತೆರಿಗೆರಹಿತ ಮಿತಿ 4 ಲಕ್ಷ. ಮಿತಿ ದಾಟಿದ ಕಾರಣ ಇವರು ಆದಾಯದ ವಿವರಪಟ್ಟಿ, ಅಂದರೆ ರಿಟರ್ನ್ ಸಲ್ಲಿಸಲೇಬೇಕು. ರಿಯಾಯಿತಿಯಿಂದಾಗಿ ಕಟ್ಟಬೇಕಾದ ತೆರಿಗೆ ಸೊನ್ನೆ. ಆದರೆ ತಿಳಿಸುವ ಹೊಣೆ ಸೊನ್ನೆಯಲ್ಲ.

ತರಕಾರಿಯ ಆದಾಯವನ್ನೂ ಅದರಲ್ಲಿ ತೋರಿಸಬೇಕು. ಕೃಷಿ ಆದಾಯ 5,000 ರೂಪಾಯಿ ಮೀರಿ, ಇತರ ಆದಾಯವೂ ಮಿತಿ ದಾಟಿದಾಗ, ಇತರ ಆದಾಯದ ತೆರಿಗೆಯ ದರವನ್ನು ಗೊತ್ತುಮಾಡಲು ಎರಡನ್ನೂ ಕೂಡಿಸಿ ನೋಡುವ ಕ್ರಮ 1973ರಿಂದ ಬಂದಿದೆ. ಇದರಿಂದ ಬೆಳೆಯ ಹಣಕ್ಕೆ ತೆರಿಗೆ ಬೀಳುತ್ತದೆಂಬ ಭಯ ಬೇಡ.

ನೋಟೀಸು ಬಂದ ಮೇಲೆ ನೋಡಿದರಾಯಿತು ಎಂದು ಹಲವರು ಸುಮ್ಮನಿರುತ್ತಾರೆ. ಕಾಯಿದೆ ಹಾಗೆ ಹೇಳುವುದಿಲ್ಲ. ಇಲಾಖೆ ಕೇಳಲಿ, ಬಿಡಲಿ, ಗಡುವಿನೊಳಗೆ ತಾನಾಗಿಯೇ ತಿಳಿಸುವುದು ಆದಾಯ ಪಡೆದವನ ಕರ್ತವ್ಯ. ತಡವಾದರೆ 5,000 ರೂಪಾಯಿವರೆಗೆ ಶುಲ್ಕ, ಬಾಕಿ ತೆರಿಗೆ ಇದ್ದರೆ ತಿಂಗಳಿಗೆ ಶೇಕಡ 1ರಂತೆ ಬಡ್ಡಿ ಬೀಳುತ್ತದೆ. ಹಾಲಿನ ಅಥವಾ ಗೂಡಿನ ಹಣವನ್ನು ಬೆಳೆಯ ಹಣವೆಂದು ಬೇಕೆಂದೇ ತೋರಿಸಿದರೆ ದಂಡ ಇನ್ನೂ ಭಾರಿಯಾದೀತು.

ಬ್ಯಾಂಕಿಗೆ ಕಟ್ಟಿದ ಹಣ ಬೆಳೆಯದೇ ಎಂದು ರುಜುವಾತುಪಡಿಸುವ ಭಾರವೂ ರೈತನದೇ. ಆದ್ದರಿಂದ ಪಹಣಿ, ಮಂಡಿಯ ಚೀಟಿ, ಗೊಬ್ಬರ-ಬೀಜದ ರಸೀದಿ, ಡೇರಿಯ ಲೆಕ್ಕ, ಗೂಡಿನ ಮಾರುಕಟ್ಟೆಯ ಚೀಟಿಗಳನ್ನು ವರ್ಷವಾರು ಕಟ್ಟಿಡಬೇಕು. ಬೆಳೆಗೊಂದು, ಹಾಲಿಗೊಂದು, ರೇಷ್ಮೆಗೊಂದು ಪುಟವಿರುವ ಸಣ್ಣ ಪುಸ್ತಕ ಸಾಕು. ಸಂದೇಹವಿದ್ದಲ್ಲಿ ಅರ್ಹ ತೆರಿಗೆ ಸಲಹೆಗಾರರನ್ನು ಗಡುವಿಗೆ ಮೊದಲೇ ಕಾಣುವುದು ಒಳ್ಳೆಯದು.

ಕಣದಲ್ಲಿ ಕಾಳು ಬೇರೆ, ಹೊಟ್ಟು ಬೇರೆ ಮಾಡುವ ರೈತನಿಗೆ ಆದಾಯವನ್ನು ಬೇರ್ಪಡಿಸಿ ಬರೆದಿಡುವುದು ಕಷ್ಟದ ಕೆಲಸವೇನಲ್ಲ.