ಕಡಲಾಚೆಯ ಶಾಲೆಯಲ್ಲಿ ಅಮೇರಿಕೆಯ ತರುಣ ಶಿಕ್ಷಕರು

(ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ನಾಳೆ ಶಿಕ್ಷಕರಾಗತಕ್ಕ ತರುಣ ತರುಣಿಯರ ಮುಂದೆ ವಕೀಲನೊಬ್ಬನು ನಿಂತು ಶಿಕ್ಷಣದ ವಿಷಯವಾಗಿ ಮಾತನಾಡುವುದು ಅಧಿಕಪ್ರಸಂಗವೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಪಾಠ ಹೇಳುವ ಕಲೆಯನ್ನು ನಾನು ಅರಿಯೆನು. ಆದರೆ ಸಾಕ್ಷ್ಯವನ್ನು ತೂಗಿ ನೋಡುವುದು ನನ್ನ ವೃತ್ತಿಯಾಗಿದೆ. ಇಂದು ತಮ್ಮ ಮುಂದಿಡುವುದೂ ಸಾಕ್ಷ್ಯವನ್ನೇ. ಸಾಕ್ಷಿದಾರರು ತಮ್ಮ ವಯಸ್ಸಿನವರೇ. ಆಗತಾನೇ ಕಾಲೇಜು ಬಿಟ್ಟು, ಸಾವಿರಾರು ಮೈಲು ಕಡಲು ದಾಟಿ, ಫಿಲಿಪೈನ್ ದ್ವೀಪಗಳ ಹಳ್ಳಿಯ ಮಕ್ಕಳಿಗೆ ಪಾಠ ಹೇಳಲು ಹೋದ ಅಮೇರಿಕೆಯ ತರುಣರು.

ಮೊದಲು ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. 1898ರಲ್ಲಿ ಸ್ಪೇನ್ ದೇಶವನ್ನು ಯುದ್ಧದಲ್ಲಿ ಗೆದ್ದ ಅಮೇರಿಕೆಯು ಪ್ಯಾರಿಸ್ ಒಪ್ಪಂದದ ಮೇರೆಗೆ ಎರಡು ಕೋಟಿ ಡಾಲರು ಕೊಟ್ಟು ಆ ದ್ವೀಪಗಳನ್ನು ತನ್ನದಾಗಿ ಮಾಡಿಕೊಂಡಿತು. ಅಲ್ಲಿಯ ಜನರನ್ನು ಯಾರೂ ಕೇಳಲಿಲ್ಲ. ಅದೇ ವರ್ಷದ ಜೂನ್ ತಿಂಗಳಲ್ಲಿ ಸ್ವಾತಂತ್ರ್ಯವನ್ನು ಸಾರಿದ್ದ ಆ ಜನರು 1899ರ ಫೆಬ್ರುವರಿಯಿಂದ ಹೊಸ ಒಡೆಯರೊಡನೆ ಕಾದಾಡಬೇಕಾಯಿತು. ಬಂದೂಕಿನ ಸದ್ದು ಅಡಗುವ ಮೊದಲೇ ಶಾಲೆಯ ಗಂಟೆ ಬಾರಿಸಿತು. ಮೊದಮೊದಲು ಪಾಠ ಹೇಳಿದವರು ಸಿಪಾಯಿಗಳು!

ಇಲ್ಲಿ ಎರಡು ಕಾಗದಪತ್ರಗಳನ್ನು ತಾವು ಲಕ್ಷ್ಯವಿಟ್ಟು ನೋಡಬೇಕು. 1900ರ ಏಪ್ರಿಲ್ ತಿಂಗಳಲ್ಲಿ ಅಧ್ಯಕ್ಷ ಮ್ಯಾಕಿನ್ಲೆಯವರು ತಮ್ಮ ಆಯೋಗಕ್ಕೆ ಕೊಟ್ಟ ನಿರೂಪದಲ್ಲಿ, ಶಿಕ್ಷಣವು ಎಲ್ಲ ಭಾಗಗಳಲ್ಲಿಯೂ ಮೊದಲಿಗೆ ಆಯಾ ಜನರ ಭಾಷೆಯಲ್ಲಿಯೇ ನಡೆಯಬೇಕೆಂದು ಹೇಳಿದ್ದರು. ಭಾಷೆಗಳು ಹಲವಾಗಿರುವುದರಿಂದ ಇಂಗ್ಲಿಷನ್ನು ಸಾಮಾನ್ಯ ಭಾಷೆಯಾಗಿ ಬೆಳೆಸುವ ಮಾತೂ ಅದರಲ್ಲಿದ್ದಿತು. ಹತ್ತು ತಿಂಗಳು ತುಂಬುವುದರೊಳಗಾಗಿ, 1901ರ ಜನೆವರಿಯಲ್ಲಿ, ಅದೇ ಆಯೋಗವು ಮಾಡಿದ 74ನೆಯ ಕಾಯಿದೆಯು ಸಾಧ್ಯವಾದಷ್ಟು ಬೇಗನೆ ಇಂಗ್ಲಿಷೇ ಎಲ್ಲ ಸರಕಾರಿ ಶಾಲೆಗಳ ಶಿಕ್ಷಣದ ಆಧಾರವಾಗತಕ್ಕದ್ದೆಂದು ವಿಧಿಸಿತು. ನಿರೂಪದ ಉತ್ತರಾರ್ಧವು ಉಳಿಯಿತು, ಪೂರ್ವಾರ್ಧವು ಮಾಯವಾಯಿತು. ಇಂಥ ಮಾಯೆಯನ್ನು ನಮ್ಮ ವೃತ್ತಿಯವರು ದಿನಾಲು ಕಾಣುತ್ತೇವೆ. ಅಮೇರಿಕೆಯಿಂದ ಒಂದು ಸಾವಿರ ಶಿಕ್ಷಕರನ್ನು ತರಿಸಲು ಅದೇ ಕಾಯಿದೆಯು ಅಧಿಕಾರ ಕೊಟ್ಟಿತು.

1901ರ ಜುಲೈ 23ರಂದು ಸ್ಯಾನ್‌ಫ್ರಾನ್ಸಿಸ್ಕೋ ಬಂದರನ್ನು ಬಿಟ್ಟ ‘ಥಾಮಸ್’ ಎಂಬ ಸೈನ್ಯದ ಹಡಗು ಸುಮಾರು 500 ಶಿಕ್ಷಕ ಶಿಕ್ಷಕಿಯರನ್ನು ಹೊತ್ತುಕೊಂಡು ಆಗಸ್ಟಿನಲ್ಲಿ ಮನಿಲಾ ತಲುಪಿತು. ಆ ಹಡಗಿನಿಂದಲೇ ಅವರಿಗೆ ‘ಥಾಮಸೈಟ್’ ಎಂಬ ಹೆಸರು ಬಂದಿತು. ಹಾರ್ವರ್ಡ್, ಯೇಲ್‌ಗಳಂಥ ವಿದ್ಯಾಪೀಠಗಳಲ್ಲಿ ಕಲಿತವರೂ ಅವರಲ್ಲಿದ್ದರು, ಸಾಧಾರಣ ನಾರ್ಮಲ್ ಶಾಲೆಗಳಿಂದ ಬಂದವರೂ ಇದ್ದರು. ತಿಂಗಳಿಗೆ 125 ಡಾಲರು ಸಂಬಳವೆಂದು ಮಾತಾಗಿದ್ದಿತು. ಅದು ಹೊತ್ತಿಗೆ ಸರಿಯಾಗಿ ಕೈಸೇರುತ್ತಿರಲಿಲ್ಲ. 1902ರ ಕಾಲರಾ ಬೇನೆಯ ನಡುವೆ ಕೆಲಸ ಮಾಡಿದರು. ರೋಗದಿಂದ ಸತ್ತವರುಂಟು, ಕೊಲೆಯಾದವರೂ ಉಂಟು. ಆದುದರಿಂದ ಆ ತರುಣರನ್ನು ಹಗುರಾಗಿ ಕಾಣುವುದು ನನ್ನ ಉದ್ದೇಶವಲ್ಲ. ಅವರನ್ನು ಕಳಿಸಿದ ಸಾಮ್ರಾಜ್ಯದ ಉದ್ದೇಶ ಬೇರೆ, ಬಂದವರ ಮನಸ್ಸು ಬೇರೆ.

ಇನ್ನು ಆ ಶಾಲೆಯೊಳಗೆ ಹೋಗೋಣ. ನಿಪಾ ಎಂಬ ತಾಳೆಜಾತಿಯ ಗಿಡದ ಗರಿ ಹೊದಿಸಿದ ಗುಡಿಸಲು; ಕೂಡಲು ಬೆಂಚಿಲ್ಲ, ಬರೆಯಲು ಹಲಗೆ ಸಾಲದು. ಮಕ್ಕಳೆಲ್ಲರೂ ತಮ್ಮ ತಮ್ಮ ಪಾಠವನ್ನು ಏಕಕಾಲಕ್ಕೆ ಗಟ್ಟಿಯಾಗಿ ಕೂಗಿ ಓದುವುದು ಸ್ಪೇನರ ಕಾಲದಿಂದ ಬಂದ ರೂಢಿ. ನಮ್ಮ ಹಳೆಯ ಕೂಲಿಮಠಗಳ ವರ್ಣನೆಯನ್ನು ಹಿರಿಯರ ಬಾಯಿಂದ ಕೇಳಿದವರಿಗೆ ಇದು ಹೊಸದಲ್ಲ. ಅಮೇರಿಕೆಯವರಿಗೆ ಅದು ಬರೀ ಗದ್ದಲವೆನಿಸಿತು. ಶಿಕ್ಷಕನಿಗೆ ಟಗಾಲೋಗ್ ಬಾರದು, ವಿಸಾಯ ಬಾರದು. ಹಲವರಿಗೆ ಸ್ಪ್ಯಾನಿಷ್ ಕೂಡ ಬಾರದು. ಮಕ್ಕಳಿಗೆ ಇಂಗ್ಲಿಷಿನ ಗಂಧವಿಲ್ಲ. ಒಂದು ಕಡೆ ಪದವೀಧರ, ಇನ್ನೊಂದು ಕಡೆ ಚುರುಕು ಕಣ್ಣಿನ ಕೂಸು; ನಡುವೆ ಸೇತುವೆಯಿಲ್ಲ.

ಆಗ ಶಿಕ್ಷಕರು ವಸ್ತುವನ್ನೆತ್ತಿ ತೋರಿಸಿ ಹೆಸರು ಹೇಳುವ ಕ್ರಮವನ್ನು ಹಿಡಿದರು. ಅದು ಬಹಳ ದೂರ ಸಾಗತಕ್ಕುದಲ್ಲವೆಂಬುದನ್ನು ತಾವು ತರಗತಿಯಲ್ಲಿ ಒಂದು ದಿನ ಮಾಡಿ ನೋಡಿದರೆ ಕಾಣುವಿರಿ. ಪೆನ್ಸಿಲನ್ನು ಎತ್ತಿ ತೋರಿಸಬಹುದು; ‘ನಿನ್ನೆ’ ಎಂಬುದನ್ನು ಹೇಗೆ ತೋರಿಸುವುದು? ನಡೆದು ತೋರಿಸಬಹುದು, ಓಡಿ ತೋರಿಸಬಹುದು. ‘ಆದುದರಿಂದ’ ಎಂಬುದನ್ನು ಯಾವ ಅಭಿನಯದಿಂದ ಕಾಣಿಸುವುದು? ಎಲ್ಲಿ ವಿಚಾರವು ಮೊದಲಾಗುವುದೋ ಅಲ್ಲಿಯೇ ಈ ಕ್ರಮವು ನಿಂತುಹೋಗುತ್ತದೆ. ಉಳಿಯುವುದು ಉರುಹೊಡೆಯುವುದೊಂದೇ. ಜ್ಞಾಪಕಶಕ್ತಿಯಲ್ಲಿ ಆ ಮಕ್ಕಳು ಯಾರಿಗೂ ಕಡಿಮೆಯಿರಲಿಲ್ಲ. ಪಾಠವು ಸೊಗಸಾಗಿ ಒಪ್ಪಿಸಲ್ಪಡುತ್ತಿದ್ದಿತು. ಪರೀಕ್ಷಿಸಲು ಬಂದ ಅಧಿಕಾರಿಗೆ ಸಂತೋಷವಾಗಲು ಅಷ್ಟು ಸಾಕಲ್ಲವೇ?

ಪುಸ್ತಕಗಳು ಅಮೇರಿಕೆಯ ಮಕ್ಕಳಿಗಾಗಿ ಅಚ್ಚಾದವುಗಳು. ಹಿಮ ಬೀಳದ ನಾಡಿನಲ್ಲಿ ಹಿಮದ ಪಾಠ, ಸೇಬು ಬೆಳೆಯದ ನಾಡಿನಲ್ಲಿ ಸೇಬಿನ ಪಾಠ. ಇದರ ಕೊರತೆಯನ್ನು ಮೊದಲು ಕಂಡವರಲ್ಲಿ ಶಿಕ್ಷಕರೇ ಇದ್ದರೆಂಬುದು ಅವರಿಗೆ ಗೌರವ ತರುವ ಸಂಗತಿ. ಪನಾಯ್ ದ್ವೀಪದ ಕಾಪಿಸ್ ಊರಿನಲ್ಲಿ ಪಾಠ ಹೇಳಿದ ಮೇರಿ ಫೀ ಎಂಬಾಕೆಯು ಮುಂದೆ ಜತೆಗಾರರೊಡನೆ ಕೂಡಿ ಫಿಲಿಪಿನೋ ಮಕ್ಕಳ ಬಾಳಿಗೆ ಹತ್ತಿರವಾದ ಪ್ರಥಮ ಪುಸ್ತಕವೊಂದನ್ನು ಸಿದ್ಧಗೊಳಿಸಿದಳು; ತನ್ನ ಅನುಭವಗಳನ್ನು 1910ರಲ್ಲಿ ಗ್ರಂಥವಾಗಿ ಪ್ರಕಟಿಸಿದಳು. ಚಿತ್ರಗಳು ಬದಲಾದವು, ಹೆಸರುಗಳು ಬದಲಾದವು. ಭಾಷೆ ಮಾತ್ರ ಬದಲಾಗಲಿಲ್ಲ. ಅದನ್ನು ಬದಲಿಸುವ ಅಧಿಕಾರವು ಶಿಕ್ಷಕಿಯ ಕೈಯಲ್ಲಿರಲಿಲ್ಲ.

ಆ ಶಾಲೆಗಳು ಹೇಗೋ ನಡೆದದ್ದು ಯಾರಿಂದ? ಊರಿನ ಫಿಲಿಪಿನೋ ಸಹಾಯಕ ಶಿಕ್ಷಕರಿಂದ. ಇವರು ಶಾಲೆ ಬಿಟ್ಟ ಮೇಲೆ ಅಮೇರಿಕೆಯವರ ಹತ್ತಿರ ತಾಸುಗಟ್ಟಲೆ ಇಂಗ್ಲಿಷ್ ಕಲಿತು, ಮರುದಿನ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತಿದ್ದರು. ಮಕ್ಕಳಿಗಿಂತ ಒಂದೇ ಪಾಠ ಮುಂದಿದ್ದ ಗುರುಗಳು! ನಗುವ ಕಾರಣವಿಲ್ಲ. ಮಗುವಿನ ಮುಖ ನೋಡಿ ಅದಕ್ಕೆ ತಿಳಿಯಿತೋ ಇಲ್ಲವೋ ಎಂದು ಅದರ ಮಾತಿನಲ್ಲಿಯೇ ಕೇಳಬಲ್ಲವರು ಆ ಶಾಲೆಯಲ್ಲಿ ಇವರೊಬ್ಬರೇ. ಇವರಿಗೆ ಸಂಬಳ ಮಾತ್ರ ಅಮೇರಿಕೆಯವರಿಗಿಂತ ಬಹಳ ಕಡಿಮೆ.

ಬಂಧುಗಳೇ, ತಮ್ಮಲ್ಲಿ ಕೆಲವರು ನಾಳೆ ಲಂಬಾಣಿ ತಾಂಡಾದ ಶಾಲೆಗೆ ಹೋಗುವಿರಿ, ಇನ್ನು ಕೆಲವರು ತುಳು ಕೊಂಕಣಿಗಳನ್ನಾಡುವ ಮಕ್ಕಳ ಮುಂದೆ ನಿಲ್ಲುವಿರಿ. ಅಲ್ಲಿ ಮೊದಲ ದಿನ ನಮ್ಮ ಕನ್ನಡವೇ ಆ ಮಗುವಿಗೆ ಕಾಪಿಸ್ ಊರಿನ ಇಂಗ್ಲಿಷಾಗಿರುತ್ತದೆ. ಕನ್ನಡದ ಅಭಿಮಾನಿಗಳಾದ ನಾವು ಈ ಮಾತನ್ನು ಕೇಳಿ ಮುಖ ತಿರುಗಿಸಬಾರದು. ಆ ಮಗುವಿನ ನುಡಿಯಲ್ಲಿ ನೂರು ಮಾತು ಕಲಿತುಕೊಂಡು ಹೋದ ಶಿಕ್ಷಕನೇ ಅದಕ್ಕೆ ಕನ್ನಡವನ್ನೂ ಚೆನ್ನಾಗಿ ಕಲಿಸಿಯಾನು.

ಪ್ರಕೃತಕ್ಕೆ ಬರೋಣ. ಕಾಲು ಶತಮಾನ ಕಳೆಯಿತು. ಅಮೇರಿಕೆಯ ಆಡಳಿತದ ಶಿಕ್ಷಣ ಇಲಾಖೆಯಲ್ಲಿಯೇ ದುಡಿದ ವೈದ್ಯ ನಜೀಬ್ ಸಲೀಬಿಯವರು, ಇಷ್ಟು ವರ್ಷವಾದರೂ ಇಂಗ್ಲಿಷ್ ಜನರ ನುಡಿಯಾಗಲಿಲ್ಲ, ದೇಶಭಾಷೆಗಳಲ್ಲಿಯೇ ಕಲಿಸಬೇಕು ಎಂದು ವಾದಿಸಿದರು. 1925ರಲ್ಲಿ ಕೊಲಂಬಿಯಾ ವಿದ್ಯಾಪೀಠದ ಪಾಲ್ ಮನ್ರೋ ಅವರ ನೇತೃತ್ವದಲ್ಲಿ ದೊಡ್ಡ ಸಮೀಕ್ಷೆ ನಡೆಯಿತು. ಇಂಗ್ಲಿಷ್ ಓದಿನಲ್ಲಿ ಮಕ್ಕಳು ಅಮೇರಿಕೆಯ ಮಕ್ಕಳಿಗಿಂತ ಬಹಳ ಹಿಂದೆ ಬಿದ್ದಿದ್ದರು. ಭಾಷೆಯ ಹಂಗು ಕಡಿಮೆಯಿದ್ದ ಅಂಕಗಣಿತದಲ್ಲಿ ಅಷ್ಟು ಹಿಂದೆ ಬಿದ್ದಿರಲಿಲ್ಲ. ಕೊರತೆಯು ಬುದ್ಧಿಯದಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೇ? ಆದರೂ ಪ್ರತಿವಾದಿಗಳ ಮಾತನ್ನು ಮುಚ್ಚಿಡಲಾರೆನು: ಸ್ಪೇನರ ಕಾಲದಲ್ಲಿ ಶಾಲೆಯ ಮೆಟ್ಟಲು ಹತ್ತದ ಎಷ್ಟೋ ಬಡವರ ಮಕ್ಕಳು ಈ ಶಾಲೆಗಳಿಗೆ ಬಂದರು. ಥಾಮಸೈಟರ ಹೆಸರನ್ನು ಆ ದೇಶದಲ್ಲಿ ಈಗಲೂ ಆದರದಿಂದ ನೆನೆಯುವವರಿದ್ದಾರೆ.

ದೇಶವು 1946ರಲ್ಲಿ ಸ್ವತಂತ್ರವಾದ ಮೇಲೆ ಫಿಲಿಪಿನೋ ಶಿಕ್ಷಕರು ತಾವೇ ಪರೀಕ್ಷೆಗೆ ಇಳಿದರು. ಮೇರಿ ಫೀ ಕಲಿಸಿದ ಅದೇ ಪನಾಯ್ ದ್ವೀಪದ ಇಲೋಯಿಲೋ ಪ್ರಾಂತದಲ್ಲಿ, 1948ರಿಂದ 1954ರ ವರೆಗೆ, ಹೋಸೆ ಆಗಿಲಾರ್ ಅವರ ನೇತೃತ್ವದಲ್ಲಿ ಕೆಲವು ಶಾಲೆಗಳ ಮೊದಲ ಎರಡು ಇಯತ್ತೆಗಳಲ್ಲಿ ಹಿಲಿಗೈನೋನ್ ನುಡಿಯಿಂದ, ಉಳಿದವುಗಳಲ್ಲಿ ಇಂಗ್ಲಿಷಿನಿಂದ ಕಲಿಸಿ ಹೋಲಿಸಿ ನೋಡಲಾಯಿತು. ಮನೆಯ ನುಡಿಯಲ್ಲಿ ಕಲಿತವರು ಓದಿನಲ್ಲಿಯೂ ಲೆಕ್ಕದಲ್ಲಿಯೂ ಮುಂದಾದರು. 1957ರಲ್ಲಿ ದೇಶದ ಎಲ್ಲೆಡೆ ಮೊದಲ ಎರಡು ತರಗತಿಗಳಿಗೆ ದೇಶಭಾಷೆ ಬಂದಿತು. 1974ರ ದ್ವಿಭಾಷಾ ನೀತಿಯು ಅದಕ್ಕೆ ಬದಲಾಗಿ ಫಿಲಿಪಿನೋ ಮತ್ತು ಇಂಗ್ಲಿಷುಗಳನ್ನು ಇಟ್ಟಿತು. 2009ರ ಆಜ್ಞೆಯೂ 2013ರ ಕಾಯಿದೆಯೂ ಮಾತೃಭಾಷೆಯನ್ನು ಮತ್ತೆ ತಂದವು. 2024ರ ಅಕ್ಟೋಬರದಲ್ಲಿ ಬಂದ 12027ನೆಯ ಕಾಯಿದೆಯು ಮೂರನೆಯ ಇಯತ್ತೆಯ ವರೆಗಿನ ಆ ಕಡ್ಡಾಯವನ್ನು ತೆಗೆದುಹಾಕಿ, ಫಿಲಿಪಿನೋ ಇಂಗ್ಲಿಷುಗಳನ್ನು ಮರಳಿ ಪೀಠದಲ್ಲಿ ಕೂಡಿಸಿ, ಪ್ರಾಂತದ ನುಡಿಗಳನ್ನು ಸಹಾಯಕ ಭಾಷೆಗಳಾಗಿ ಇರಿಸಿದೆ. ಒಂದು ಕಿಂಡಿ ಮಾತ್ರ ಅದರಲ್ಲಿ ತೆರೆದಿದೆ: ಯಾವ ತರಗತಿಯ ಮಕ್ಕಳೆಲ್ಲರ ಮಾತೃಭಾಷೆಯೂ ಒಂದೇ ಆಗಿರುತ್ತದೆಯೋ ಅಲ್ಲಿ ಆ ನುಡಿಯಿಂದಲೇ ಪಾಠ ಹೇಳಲು ಅವಕಾಶವಿದೆ. ಆ ಅವಕಾಶವನ್ನು ಎಷ್ಟು ಶಾಲೆಗಳು ಕೇಳಿ ಪಡೆಯುತ್ತವೆ ಎಂಬುದರ ಮೇಲೆ ಇನ್ನು ನನ್ನ ಕಣ್ಣಿದೆ.